ಮಗ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತಿದ್ದಾನೆ, ಏನು ಹೇಳಲಿ?

ಪ್ರಶ್ನೆ: ಮಗ ಓದಲು ಅಮೆರಿಕದ ಮಿನ್ನಿಯಾಪೊಲಿಸ್‌ಗೆ ಹೋಗಿದ್ದಾನೆ. ಮೊನ್ನೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ. ಕೆರೆಯ ನಡುವೆ ನಿಂತಿದ್ದಾನೆ, ಕಾಲಡಿ ಬರೀ ಮಂಜುಗಡ್ಡೆ! ‘ಇಲ್ಲಿ ಎಲ್ಲರೂ ಓಡಾಡ್ತಾರಮ್ಮ’ ಅನ್ನುತ್ತಾನೆ. ನನ್ನ ಭಯ ಸುಮ್ನೆನಾ?
– ಬಸವನಗುಡಿಯ ಒಬ್ಬ ತಾಯಿ

ಉತ್ತರ: ಸುಮ್ನೆ ಅಲ್ಲ. ಆದರೆ ‘ಹೋಗಬೇಡ’ ಅಂದರೆ ಅವನು ಹೋಗುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾನೆ. ಅದರ ಬದಲು ಎರಡು ಪ್ರಶ್ನೆ ಕೇಳಿ. ಐಸ್ ಎಷ್ಟು ಇಂಚು ದಪ್ಪ ಇತ್ತು? ಅಳೆದವರು ಯಾರು?

ನನ್ನ ಮಗಳ ಮನೆಯೂ ಮಿನ್ನಿಯಾಪೊಲಿಸ್ ಇರುವ ಮಿನ್ನೆಸೋಟ ರಾಜ್ಯದಲ್ಲೇ ಇದೆ. ಅಲ್ಲಿ ಎರಡು ಚಳಿಗಾಲ ಕಳೆದಿದ್ದೇನೆ. ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿ ಮಕ್ಕಳಿಗೆ ಈಜು ಕಲಿಸಿದವಳು ನಾನು. ಆದರೂ ಆ ಬಿಳಿ ಕೆರೆಯ ಮುಂದೆ ನಿಂತಾಗ ನನಗೇನೂ ಗೊತ್ತಿಲ್ಲ ಅನ್ನಿಸಿತು. ಕಲಿಸಿದ್ದು ಪಕ್ಕದ ಮನೆಯ ಅಜ್ಜ. ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆ. ಮುಂದೆ ಒಂದು ಸಲ ಕುಟ್ಟುವುದು, ಆಮೇಲೆ ಒಂದು ಹೆಜ್ಜೆ. ನಮ್ಮ ಹಳ್ಳಿಯಲ್ಲಿ ಹಿರಿಯರು ಹೊಳೆ ದಾಟುವಾಗ ಕೋಲು ಊರಿ ಆಳ ನೋಡುತ್ತಿದ್ದರಲ್ಲ, ಥೇಟ್ ಹಾಗೆ. ಸ್ವಲ್ಪ ದೂರ ಹೋಗಿ ಬೈರಿಗೆಯಿಂದ ತೂತು ಕೊರೆಯುತ್ತಿದ್ದರು. ಅದರೊಳಗೆ ಅಳತೆಪಟ್ಟಿ ಇಳಿಸಿ ನೋಡುತ್ತಿದ್ದರು. ಕಡಿಮೆ ಇದ್ದರೆ ಮಾತಿಲ್ಲದೆ ವಾಪಸ್.

ಅಲ್ಲಿನ ಸರ್ಕಾರದ ಲೆಕ್ಕ ಹೀಗಿದೆ. ನಡೆಯಲು ಕನಿಷ್ಠ 4 ಇಂಚು ದಪ್ಪದ ಹೊಸ, ತಿಳಿ ಐಸ್ ಬೇಕು. ಅಂದರೆ ಸುಮಾರು 10 ಸೆಂಟಿಮೀಟರ್. ಹಿಮದ ಮೇಲೆ ಓಡುವ ಬೈಕಿನಂಥ ಸ್ನೋಮೊಬೈಲ್‌ಗೆ 5ರಿಂದ 7 ಇಂಚು, ಸಣ್ಣ ಕಾರಿಗೆ 9ರಿಂದ 10. ಹಿಮ ನೆಂದು ಗಟ್ಟಿಯಾದ ಬೆಳ್ಳಗಿನ ಐಸ್ ಆದರೆ ಇದರ ಎರಡರಷ್ಟು ಬೇಕು. ನೋಡಲು ಬೆಳ್ಳಗಿರುವುದೇ ಗಟ್ಟಿ ಅನ್ನಿಸುತ್ತದೆ, ಆದರೆ ಅದರ ಬಲ ಸುಮಾರು ಅರ್ಧ ಮಾತ್ರ. ಒಂದು ಕಡೆ ಅಳೆದರೂ ಸಾಲದು, ಪ್ರತಿ 150 ಅಡಿಗೆ ಮತ್ತೆ ನೋಡಬೇಕು. ಇಷ್ಟೆಲ್ಲ ಹೇಳಿದ ಮೇಲೂ ಅವರು ಒಂದು ಮಾತು ಸೇರಿಸುತ್ತಾರೆ: ಪೂರ್ತಿ ಸುರಕ್ಷಿತವಾದ ಐಸ್ ಅನ್ನುವುದೇ ಇಲ್ಲ.

ಯಾಕೆ ಅಂದರೆ ಕೆರೆ ಎಲ್ಲ ಕಡೆ ಒಂದೇ ಥರ ಹೆಪ್ಪುಗಟ್ಟುವುದಿಲ್ಲ. ನಮ್ಮಲ್ಲಿ ತೂಬಿನ ಹತ್ತಿರ, ಕೋಡಿಯ ಹತ್ತಿರ ಮಕ್ಕಳನ್ನು ಬಿಡುವುದಿಲ್ಲ ಅಲ್ವಾ? ಅಲ್ಲೂ ನೀರು ಒಳಗೆ ಬರುವ, ಹೊರಗೆ ಹೋಗುವ ಜಾಗದಲ್ಲಿ ಐಸ್ ತೆಳು. ಸೇತುವೆಯ ಕೆಳಗೆ, ನೀರಿನ ಸೆಲೆ ಇರುವಲ್ಲಿಯೂ ಹಾಗೆಯೇ. ಮೇಲೆ ಹಿಮ ಬಿದ್ದರೆ ಅದು ಕಂಬಳಿ ಹೊದೆಸಿದ ಹಾಗೆ. ಕೆಳಗಿನ ಐಸ್ ಬೇಗ ದಪ್ಪವಾಗುವುದಿಲ್ಲ. ‘ನಿನ್ನೆ ಇಲ್ಲೇ ನಡೆದಿದ್ದೆ’ ಅನ್ನುವ ಧೈರ್ಯ ಬೇಡ ಎಂದು ಅವನಿಗೆ ಹೇಳಿ.

ಬಿದ್ದರೆ ಏನು ಮಾಡಬೇಕು ಅನ್ನುವುದೂ ಅವನಿಗೆ ಗೊತ್ತಿರಬೇಕು. ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಪ್ರೊಫೆಸರ್ ಗಾರ್ಡನ್ ಗೀಸ್‌ಬ್ರೆಕ್ಟ್ ತಾವೇ ಹಿಮನೀರಿಗೆ ಇಳಿದು ಅಧ್ಯಯನ ಮಾಡಿದವರು. ಅವರ ಲೆಕ್ಕ ನೆನಪಿಡಲು ಸುಲಭ: 1, 10, 1. ಬಿದ್ದ ತಕ್ಷಣ ಏದುಸಿರು ಬರುತ್ತದೆ. ಮೊದಲ 1 ನಿಮಿಷ ತಲೆ ಮೇಲಿಟ್ಟು ಉಸಿರನ್ನು ಹತೋಟಿಗೆ ತರುವುದಷ್ಟೇ ಕೆಲಸ. ಆಮೇಲೆ ಸುಮಾರು 10 ನಿಮಿಷ ಕೈಕಾಲು ಮಾತು ಕೇಳುತ್ತವೆ. ಚಳಿಗೆ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ಹೆಚ್ಚಿನವರು ಇನ್ನು ಎರಡೇ ನಿಮಿಷದಲ್ಲಿ ಸತ್ತೆ ಅಂದುಕೊಂಡು ಗಾಬರಿಯಾಗುತ್ತಾರೆ. ಆ ಗಾಬರಿಯಲ್ಲೇ ನೀರು ಕುಡಿಯುತ್ತಾರೆ.

ಬಂದ ದಿಕ್ಕಿಗೇ ತಿರುಗಬೇಕು. ಅಲ್ಲಿಯವರೆಗೆ ಐಸ್ ಅವನನ್ನು ಹೊತ್ತಿತ್ತು. ಕೈಗಳನ್ನು ಐಸ್ ಮೇಲೆ ಚಾಚಿ, ಕಾಲು ಬಡಿಯುತ್ತಾ ಮೀನಿನ ಹಾಗೆ ಮೇಲೆ ಜಾರಬೇಕು. ಮೇಲೆ ಬಂದ ಮೇಲೆ ಎದ್ದು ನಿಲ್ಲಬಾರದು, ಉರುಳಿಕೊಂಡೇ ದೂರ ಹೋಗಬೇಕು. ಆ ಅಜ್ಜನ ಕೊರಳಲ್ಲಿ ಸದಾ ಒಂದು ದಾರ ಇರುತ್ತಿತ್ತು. ಅದರ ಎರಡು ತುದಿಗೆ ಮರದ ಹಿಡಿ, ಹಿಡಿಗೆ ಚೂಪು ಮೊಳೆ. ನುಣ್ಣಗಿನ ಐಸ್ ಮೇಲೆ ಕೈಗೆ ಹಿಡಿತ ಸಿಗಲು ಅದು ತುಂಬಾ ಸಹಾಯ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಈ ವಾರವೇ ಕೊಂಡು, ಅದರ ಫೋಟೊ ಕಳಿಸಲು ಹೇಳಿ.

ಪ್ರಶ್ನೆ: ಜನವರಿಯಲ್ಲಿ ಶ್ರೀನಗರಕ್ಕೆ ಹೋಗುತ್ತಿದ್ದೇವೆ. ದಾಲ್ ಸರೋವರ ಹೆಪ್ಪುಗಟ್ಟಿದ್ದರೆ ಮೇಲೆ ನಡೆಯಬಹುದೇ?
– ರಾಜಾಜಿನಗರದ ಓದುಗರು

ಉತ್ತರ: ಬೇಡ. ಡಿಸೆಂಬರ್ 21ರಿಂದ 40 ದಿನದ ‘ಚಿಲ್ಲೈ ಕಲಾನ್’ ಅಲ್ಲಿ ಕಡು ಚಳಿಯ ಕಾಲ. 2021ರ ಜನವರಿಯಲ್ಲಿ ದಾಲ್ ಹೆಪ್ಪುಗಟ್ಟಿದಾಗ ಜನ ಅದರ ಮೇಲೆ ಓಡಾಡಿದರು, ಆಡಳಿತ ‘ಇಳಿಯಬೇಡಿ’ ಎಂದು ಎಚ್ಚರಿಸಬೇಕಾಯಿತು. ಶಿಕಾರಾ ಎಂಬ ಅಲ್ಲಿನ ದೋಣಿ ನಡೆಸುವವರು ದಾರಿಗಾಗಿ ಐಸ್ ಒಡೆಯುತ್ತಾರೆ. ಒಡೆದಲ್ಲಿ ರಾತ್ರಿ ಮತ್ತೆ ತೆಳು ಪದರ ಕಟ್ಟುತ್ತದೆ, ನಮ್ಮ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಶಿಕಾರಾದಲ್ಲಿ ಕೂತು ನೋಡಿ.

ಪ್ರಶ್ನೆ: ಊರ ಹತ್ತಿರದ ಕೆರೆಯಲ್ಲಿ ಪೆಡಲ್ ಬೋಟ್ ಇದೆ. ‘ನನಗೆ ಈಜು ಬರುತ್ತೆ, ಮೊಣಕಾಲುದ್ದ ನೀರಿಗೆ ಲೈಫ್ ಜಾಕೆಟ್ ಯಾಕೆ’ ಅನ್ನುತ್ತಾರೆ ಯಜಮಾನರು. ಮಕ್ಕಳೂ ಅವರನ್ನೇ ನೋಡಿ ಕಲಿಯುತ್ತಿದ್ದಾರೆ.
– ಆರ್.ಟಿ. ನಗರದ ಗೃಹಿಣಿ

ಉತ್ತರ: ಈ ಮಾತು ಕೇಳಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ವರ್ಷಗಳ ಹಿಂದೆ ನಮ್ಮ ಈಜು ತಂಡದ ಮಕ್ಕಳನ್ನು ಊರ ಹೊರಗಿನ ಒಂದು ಕೆರೆಗೆ ಕರೆದುಕೊಂಡು ಹೋಗಿದ್ದೆ. ದೋಣಿಯವರು ಎಲ್ಲರಿಗೂ ಜಾಕೆಟ್ ಕೊಟ್ಟರು. ಒಂಬತ್ತು ವರ್ಷದ ಒಬ್ಬಳಿಗೆ ಸಿಕ್ಕಿದ್ದು ದೊಡ್ಡವರ ಅಳತೆಯದು, ಬಕಲ್ ಬೇರೆ ಮುರಿದಿತ್ತು. ನಾನು ನೋಡಿದೆ. ದಡದ ಹತ್ತಿರವೇ ತಾನೇ ಎಂದು ಸುಮ್ಮನಾದೆ. ಫೋಟೊಗೆ ಎಲ್ಲರೂ ಒಂದೇ ಕಡೆ ಎದ್ದು ನಿಂತರು, ಅವಳು ಜಾರಿದಳು. ಜಾಕೆಟ್ ತೇಲಿತು, ಮಗು ಅದರೊಳಗಿಂದ ಕೆಳಗೆ ಇಳಿದಳು. ನಾನು ಹಾರಿದೆ. ನೀರು ಎದೆಮಟ್ಟ ಮಾತ್ರ, ಆದರೆ ಕಾಲು ಮೊಣಕಾಲವರೆಗೆ ಹೂಳಿನಲ್ಲಿ ಹೂತಿತು. ಈಜಲು ಆಗಲಿಲ್ಲ, ನಡೆಯಲೂ ಆಗಲಿಲ್ಲ. ದೋಣಿಯ ಅಂಚು ಹಿಡಿದು, ಇನ್ನೊಂದು ಕೈಯಲ್ಲಿ ಅವಳ ಜಡೆ ಸಿಕ್ಕಿದ್ದಕ್ಕೆ ಅವಳು ಬದುಕಿದಳು. ಅವತ್ತು ದಡದಲ್ಲೇ ‘ಈ ಜಾಕೆಟ್ ಬೇಡ, ಬೇರೆ ಕೊಡಿ’ ಅನ್ನಬೇಕಿತ್ತು.

ನಮ್ಮ ಕೆರೆಯ ತಳ ಈಜುಕೊಳದ ತಳ ಅಲ್ಲ. ಹೂಳಿದೆ, ಜೊಂಡಿದೆ, ಕಾಲಿಗೆ ಸುತ್ತುವ ಬಳ್ಳಿಯಿದೆ. ಯಜಮಾನರ ಈಜು ಅಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ವಡೋದರಾದ ಹರ್ನಿ ಕೆರೆ ನೆನಪಿದೆಯಾ? 2024ರ ಜನವರಿ 18ರಂದು ಶಾಲಾ ಪ್ರವಾಸದ ದೋಣಿ ಮಗುಚಿ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ದೋಣಿಯಲ್ಲಿ ಮಿತಿಗಿಂತ ಜಾಸ್ತಿ ಜನ ಇದ್ದರು. ಎಷ್ಟೋ ಮಕ್ಕಳಿಗೆ ಜಾಕೆಟ್ ಇರಲಿಲ್ಲ. ಅದು ಸಮುದ್ರವಲ್ಲ, ಊರ ನಡುವಿನ ಕೆರೆ.

ಹತ್ತುವ ಮೊದಲು ಮಗುವಿಗೆ ಜಾಕೆಟ್ ಹಾಕಿ, ಎಲ್ಲ ಬಕಲ್ ಬಿಗಿದು, ಭುಜದ ಹತ್ತಿರ ಹಿಡಿದು ಮೇಲೆತ್ತಿ. ಜಾಕೆಟ್ ಕಿವಿಯವರೆಗೆ ಬಂದರೆ ಅದು ದೊಡ್ಡದು, ಬದಲಾಯಿಸಿ. ದೋಣಿಯಲ್ಲಿ ಎಷ್ಟು ಜನ ಕೂರಬಹುದು ಎಂದು ಕೇಳಿ, ಎಣಿಸಿ. ನಡುನೀರಿನಲ್ಲಿ ಯಾರೂ ಏಳಬಾರದು. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ: ಹುಟ್ಟು, ಸೀರೆ, ಹಗ್ಗ, ಕೈಗೆ ಸಿಕ್ಕಿದ್ದನ್ನು ಚಾಚಿ, ಆಮೇಲೆ 112ಕ್ಕೆ ಫೋನ್ ಮಾಡಿ. ಮಿನ್ನೆಸೋಟದಲ್ಲಿ 10 ವರ್ಷದೊಳಗಿನ ಮಕ್ಕಳು ಚಲಿಸುವ ದೋಣಿಯಲ್ಲಿ ಜಾಕೆಟ್ ಹಾಕಲೇಬೇಕು, ಅದು ಕಾನೂನು. ನಿಮ್ಮ ಮನೆಯಲ್ಲಿ ಆ ಕಾನೂನು ಯಜಮಾನರಿಗೂ ಇರಲಿ. ಒಪ್ಪದಿದ್ದರೆ ಟಿಕೆಟ್ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಸ್ಯಾಂಕಿ ಕೆರೆ ಯಾಕೆ ಐಸ್ ಆಗಲ್ಲ?
– ಆರನೇ ತರಗತಿ ವಿದ್ಯಾರ್ಥಿನಿ, ಮಲ್ಲೇಶ್ವರ

ಉತ್ತರ: ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿ 13ರಂದು. ಆಗ ಸ್ಯಾಂಕಿ ಕೆರೆ ಕಟ್ಟಿ ಎರಡೇ ವರ್ಷವಾಗಿತ್ತು ಪುಟ್ಟಿ. ನೀರು ಐಸ್ ಆಗಲು ಸೊನ್ನೆ ಡಿಗ್ರಿ ಬೇಕು. ಇನ್ನೊಂದು ವಿಷಯ: ನೀರು 4 ಡಿಗ್ರಿಯಲ್ಲಿ ಎಲ್ಲಕ್ಕಿಂತ ಭಾರ, ಹಾಗಾಗಿ ಆ ನೀರು ತಳಕ್ಕೆ ಇಳಿಯುತ್ತದೆ. ಇನ್ನೂ ತಣ್ಣಗಾದದ್ದು ಹಗುರಾಗಿ ಮೇಲೆ ಉಳಿದು ಹೆಪ್ಪುಗಟ್ಟುತ್ತದೆ. ಅದಕ್ಕೇ ಮಿನ್ನೆಸೋಟದ ಕೆರೆಗಳಲ್ಲಿ ಮೇಲೆ ಕಾರು ಓಡುತ್ತಿದ್ದರೂ ಕೆಳಗೆ ಮೀನುಗಳು ಆರಾಮಾಗಿ ಈಜುತ್ತಿರುತ್ತವೆ.