ಸ್ಟೂಲಿನ ಕುಂಟು ಕಾಲನ್ನೇ ಬಿಟ್ಟು ಬರೆದಿದ್ದೀರಿ

ಪ್ರಿಯ ಬರಹಗಾರರೇ,

ಮಂಡ್ಯದಿಂದ ನೀವು ಕಳಿಸಿದ ‘ನನ್ನ ಮೊದಲ ಸ್ಟೂಲ್’ ಲೇಖನ ಓದಿದೆ. ಭಾಷೆ ಸರಳವಾಗಿದೆ, ಕಾಗುಣಿತದ ತಪ್ಪುಗಳಿಲ್ಲ. ಸಿಲ್ವರ್ ಓಕ್ ಹಲಗೆ ತಂದು, ಮನೆಯ ಹಿತ್ತಲಲ್ಲೇ, ಯಾರೂ ಕಲಿಸದೆ ಸ್ಟೂಲ್ ಮಾಡಿದ್ದೀರಿ. ಸಂತೋಷ. ಆದರೆ ಈ ರೂಪದಲ್ಲಿ ಇದನ್ನು ಅಚ್ಚು ಹಾಕಲಾರೆ. ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೂರನೆಯ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ನಾಲ್ಕೂ ಕಾಲನ್ನು 18 ಅಂಗುಲಕ್ಕೇ ಕುಯ್ದಿದ್ದೆ. ಆದರೂ ಸ್ಟೂಲ್ ಅಲುಗಾಡುತ್ತಿತ್ತು. ಇಂಥ ಸಣ್ಣಪುಟ್ಟ ತಪ್ಪುಗಳನ್ನೆಲ್ಲ ಹೇಗೋ ಸರಿಮಾಡಿಕೊಂಡೆ.’ ಅಷ್ಟೇ. ಮುಂದಿನ ಸಾಲಿನಲ್ಲಿ ಪಾಲಿಶ್ ಡಬ್ಬಿ ತೆರೆದಿದ್ದೀರಿ.

ಓದುಗ ಅಲ್ಲೇ ನಿಂತಿದ್ದಾನೆ. ಅಳತೆ ಒಂದೇ ಆಗಿದ್ದರೆ ಸ್ಟೂಲ್ ಯಾಕೆ ಅಲುಗಾಡಿತು? ದೋಷ ಸ್ಟೂಲಿನದೋ, ನೆಲದ್ದೋ? ಅದೇ ಜಾಗದಲ್ಲಿ ಸ್ಟೂಲನ್ನು ಒಂದು ಸುತ್ತಿನ ನಾಲ್ಕನೇ ಒಂದು ಭಾಗದಷ್ಟು ತಿರುಗಿಸಿ ನೋಡಿದಿರಾ? ಆಗಲೂ ಅದೇ ಕಾಲು ಎದ್ದರೆ ದೋಷ ಸ್ಟೂಲಿನದು, ಬೇರೆ ಕಾಲು ಎದ್ದರೆ ನೆಲದ್ದು. ಫೆವಿಕಾಲ್ ಒಣಗುವಾಗ ಹಿತ್ತಲಿನ ಏರುತಗ್ಗು ನೆಲದ ಮೇಲೇ ಇಟ್ಟಿದ್ದಿರಾ? ಹಾಗೆ ಇಟ್ಟಿದ್ದರೆ ಚೌಕಟ್ಟು ತಿರುಚಿಕೊಂಡೇ ಗಟ್ಟಿಯಾಗುತ್ತದೆ. ಆಮೇಲೆ ಕಾಲುಗಳ ಅಳತೆ ಎಷ್ಟು ಕರಾರುವಾಕ್ಕಾಗಿದ್ದರೂ ಒಂದು ಕಾಲು ನೆಲ ಮುಟ್ಟುವುದಿಲ್ಲ. ನಿಮ್ಮ ಲೇಖನದಲ್ಲಿ ನಿಜವಾಗಿ ಏನಾದರೂ ನಡೆದಿದ್ದರೆ ಅದು ಇಲ್ಲಿ. ಅದನ್ನೇ ನೀವು ಹಾರಿಸಿಬಿಟ್ಟಿದ್ದೀರಿ.

ಸರಿಮಾಡಿದ್ದು ಹೇಗೆ? ಉದ್ದ ಕಂಡ ಕಾಲನ್ನು ಚೂರು ಕುಯ್ದು, ಆಮೇಲೆ ಇನ್ನೊಂದನ್ನು, ಮತ್ತೆ ಮೊದಲಿನದನ್ನು ಕುಯ್ದಿರಾ? ಹೊಸಬರು ಹೆಚ್ಚಾಗಿ ಮಾಡುವುದು ಅದನ್ನೇ. ಸ್ಟೂಲ್ ಗಿಡ್ಡವಾಗುತ್ತಾ ಹೋಗುತ್ತದೆ, ಅಲುಗಾಟ ನಿಲ್ಲುವುದಿಲ್ಲ. ಅಥವಾ ಸಮನಾದ ಕಲ್ಲುಹಾಸಿನ ಮೇಲೆ ನಿಲ್ಲಿಸಿ, ಮೋಟುಕಾಲಿನ ಅಡಿಗೆ ತೆಳು ಚಕ್ಕೆ ಕೊಟ್ಟು, ಒಂದು ಮರದ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ ನಾಲ್ಕೂ ಕಾಲಿನ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆದು, ಆ ಗೆರೆಗೆ ಗರಗಸ ಹಾಕಿದಿರಾ? ಎರಡರಲ್ಲಿ ಯಾವುದಾದರೂ ನನಗೆ ಸರಿಯೇ. ಯಾವುದೆಂದು ಬರೆಯದಿದ್ದರೆ ಮಾತ್ರ ಸರಿಯಲ್ಲ.

ಇನ್ನೊಂದು ಸಾಲು: ‘ಕೀಲಿನಲ್ಲಿ ಸ್ವಲ್ಪ ಸಂದು ಉಳಿದಿತ್ತು. ಬೀದಿಯ ಬಡಗಿ ಆಚಾರರು ನೋಡಿ ನಕ್ಕು ಒಂದು ಉಪಾಯ ಹೇಳಿಕೊಟ್ಟರು.’ ಯಾವ ಉಪಾಯ? ಫೆವಿಕಾಲಿಗೆ ಅದೇ ಮರದ ಹೊಟ್ಟು ಕಲಸಿ ಮೆತ್ತುವುದೇ? ಅದು ಕಣ್ಣಿಗೆ ಮುಚ್ಚುತ್ತದೆ, ಆದರೆ ಕೀಲಿಗೆ ಬಲ ಕೊಡುವುದಿಲ್ಲ. ಬಿಳಿ ಅಂಟಿನ ನೀರು ಆರಿದಂತೆ ಅದು ಕುಗ್ಗುತ್ತದೆ. ಮರಕ್ಕೆ ಮರ ಬಿಗಿಯಾಗಿ ತಾಗಿದ ಕಡೆಯಷ್ಟೇ ಅದರ ಹಿಡಿತ. ಮೆತ್ತಿದ ಜಾಗ ಪಾಲಿಶ್ ಕುಡಿಯದೆ ಬೇರೆ ಬಣ್ಣದಲ್ಲಿ ಉಳಿಯುವುದೂ ಉಂಟು. ಇಲ್ಲ, ಉಜ್ಜುಗೊರಡು ಹೊಡೆದಾಗ ಸುರುಳಿಯಾಗಿ ಬರುವ ತೆಳು ಪದರವನ್ನು ಅಡ್ಡಪಟ್ಟಿಯ ತುದಿಗೆ ಅಂಟಿಸಿ, ಒಣಗಿದ ಮೇಲೆ ಉಳಿಯಿಂದ ಸವರಿ, ತೂತಿಗೆ ಬಿಗಿಯಾಗಿ ಕೂರುವ ಹಾಗೆ ಮಾಡಲು ಹೇಳಿದರೇ? ಆಚಾರರು ನಕ್ಕದ್ದು ಮಾತ್ರ ನನಗೆ ಸಿಕ್ಕಿದೆ, ಅವರ ಕೆಲಸ ಸಿಗಲಿಲ್ಲ. ಒಂದು ಕಸುಬಿನಲ್ಲಿ ಆಯುಷ್ಯ ಕಳೆದವರ ಬಾಯಿಂದ ಬಂದ ಮಾತನ್ನು ‘ಒಂದು ಉಪಾಯ’ ಎಂದು ಮುಗಿಸಿದ್ದು ನನಗೆ ನಿಜವಾಗಿ ಬೇಸರ ತಂದಿತು.

ಇಷ್ಟು ಹಟ ಹಿಡಿಯಲು ಕಾರಣ ನಿಮ್ಮ ಲೇಖನದಲ್ಲೇ ಇದೆ. ಸುತ್ತಿಗೆ ತಪ್ಪಿ ಹಲಗೆಯಲ್ಲಿ ಗುಂಡಿ ಬಿದ್ದದ್ದನ್ನು ನೀವು ಬರೆದಿರುವ ರೀತಿ ನೋಡಿ: ‘ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದೆ. ಚುರ್ ಅಂತ ಹಬೆ ಎದ್ದಿತು. ಬಟ್ಟೆ ಎತ್ತಿದರೆ ಗುಂಡಿ ಅರ್ಧ ತುಂಬಿತ್ತು. ಸೀರೆ ಇಸ್ತ್ರಿ ಮಾಡೋ ಪೆಟ್ಟಿಗೆ ಕಣೋ ಅದು, ಅಂತ ಅಮ್ಮ ಒಳಗಿನಿಂದ ಕೂಗಿದರು.’ ಓದುತ್ತಿದ್ದಂತೆ ನಾನು ಎದ್ದು ಕುಳಿತೆ. ಏಟು ಬಿದ್ದಾಗ ನಾರು ಒತ್ತಿಹೋಗಿರುತ್ತದೆ, ಹರಿದಿರುವುದಿಲ್ಲ. ನೀರು, ಬಿಸಿ ತಾಗಿದರೆ ಮತ್ತೆ ಉಬ್ಬುತ್ತದೆ. ಅದನ್ನು ಎಲ್ಲೂ ವಿವರಿಸದೆ ಕಣ್ಣಿಗೆ ಕಟ್ಟುವಂತೆ ತೋರಿಸಿದ್ದೀರಿ. ಈ ನಾಲ್ಕು ಸಾಲು ಬರೆದವರಿಗೆ ಕುಂಟು ಕಾಲನ್ನೂ ಬರೆಯಲು ಬರುತ್ತದೆ.

ನಾನು ಕೆಲಸ ಕಲಿಯುತ್ತಿದ್ದಾಗ ಮೈಸೂರಿನ ಒಬ್ಬ ಹಿರಿಯ ಸಂಪಾದಕರ ಕೈಕೆಳಗಿದ್ದೆ. ಆಲೆಮನೆಯ ಬಗ್ಗೆ ಬರೆಯಲು ಪಾಂಡವಪುರದ ಕಡೆಗೆ ಕಳಿಸುವಾಗ ಅವರು ಹೇಳಿದ್ದು ಇಷ್ಟೇ: ‘ಪಾಕ ಹದಕ್ಕೆ ಬಂದ ಮೇಲೆ ಇಳಿಸ್ತಾರೆ ಅಂತ ಎಲ್ಲರೂ ಬರೀತಾರೆ. ನೀನು ಆ ಹದ ನೋಡೋನ ಪಕ್ಕ ನಿಂತ್ಕೊ.’ ನಿಂತೆ. ಕೊಪ್ಪರಿಗೆಯ ಬಿಸಿ ಮುಖಕ್ಕೆ ಹೊಡೆಯುತ್ತಿತ್ತು. ಆತ ಕುದಿಯುವ ಪಾಕದಿಂದ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ನೋಡುತ್ತಿದ್ದ. ಕರಗಿ ಹರಡಿದರೆ ಒಲೆಗೆ ಇನ್ನಷ್ಟು ರಚ್ಚು, ಅಂದರೆ ಒಣಗಿದ ಕಬ್ಬಿನ ಸಿಪ್ಪೆ, ತಳ್ಳಿಸುತ್ತಿದ್ದ. ಒಂದು ಸಲ ಅದು ಮೆತ್ತನೆಯ ಉಂಡೆಯಾಗಿ ನಿಂತಿತು. ಆತ ಏನೂ ಹೇಳಲಿಲ್ಲ, ಕೈಯೆತ್ತಿದ. ಉಳಿದವರೆಲ್ಲ ಕೊಪ್ಪರಿಗೆಯ ಕಡೆ ಓಡಿದರು. ಹಿಂದಿರುಗಿ ಅದನ್ನು ಬರೆದುಕೊಟ್ಟಾಗ ಸಂಪಾದಕರು ಓದಿ, ‘ಉರಿ ಹಾಕುತ್ತಿದ್ದವನು ಯಾರು?’ ಎಂದು ಕೇಳಿದರು. ಅವನನ್ನೂ ಸೇರಿಸಿ ಬರೆದೆ. ಅವರ ಆ ಪ್ರಶ್ನೆ ಇಂದಿಗೂ ಪ್ರತಿ ಕರಡು ಓದುವಾಗ ನನ್ನ ಜೊತೆಗಿದೆ.

ಮೊದಲ ಎರಡು ಪ್ಯಾರಾ, ಅಂದರೆ ಮೈಸೂರಿನ ಮಂಡಿ ಮೊಹಲ್ಲಾದ ಬೀಟೆ ಮರದ ಇನ್‌ಲೇ (ಮರದಲ್ಲಿ ಕೊರೆದು ಚೂರು ಕೂರಿಸುವ) ಕೆಲಸ, ಅದಕ್ಕೆ ಸಿಕ್ಕ ಭೌಗೋಳಿಕ ಸೂಚಿ (ಜಿಐ) ಮಾನ್ಯತೆ, ಅರಮನೆಯ ಬಾಗಿಲುಗಳು, ತೆಗೆದುಹಾಕಿ. ದೊಡ್ಡ ವಿಷಯವೇ ಹೌದು, ಆದರೆ ನಿಮ್ಮ ಸ್ಟೂಲಿಗೆ ಅದರ ಹಂಗಿಲ್ಲ. ಕೊನೆಯ ಪ್ಯಾರಾದ ‘ಬದುಕೂ ಒಂದು ಪೀಠೋಪಕರಣವಿದ್ದಂತೆ’ ಎಂಬುದೂ ಹೋಗಲಿ. ಅಮ್ಮ ಕೂರುವ ಮೊದಲು ಸ್ಟೂಲನ್ನು ಅಂಗೈಯಿಂದ ಒತ್ತಿ ನೋಡಿದರು ಎಂದಿದ್ದೀರಲ್ಲ, ಲೇಖನ ಅಲ್ಲಿಗೇ ಮುಗಿದಿದೆ.

ಹೀಗೆ ಮಾಡಿ. ಆಚಾರರ ಹತ್ತಿರ ಮತ್ತೆ ಹೋಗಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ. ಕಾಲು ಸರಿಮಾಡಿದ್ದನ್ನು ಒಂದು ಪೂರ್ತಿ ಪುಟ ಬರೆಯಿರಿ, ಉದ್ದವಾದರೆ ಚಿಂತೆ ಬೇಡ. ಪಾಲಿಶ್ ಆದ ಸ್ಟೂಲಿನ ಫೋಟೊ ಕಳಿಸಿದ್ದೀರಿ. ಅದರ ಬದಲು ಆ ಸಂದಿನದು, ಹತ್ತಿರದಿಂದ ತೆಗೆದದ್ದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಜಾಗ ಇಟ್ಟಿರುತ್ತೇನೆ.

ಇತಿ,
ಸಂಪಾದಕ