ಚರ್ಚ್ ಇತಿಹಾಸದಲ್ಲಿ ಎಂ.ಟಿಎಚ್. (ದೇವಶಾಸ್ತ್ರದ ಸ್ನಾತಕೋತ್ತರ ಪದವಿ) ಮಾಡಬೇಕು, ಇವ್ಯಾಂಜೆಲಿಕಲ್ ಸೆಮಿನರಿನಾ, ಬೇರೆಯದಾ?

ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಇಲ್ಲಿಗೆ ಬಂದ ಪ್ರಾಟೆಸ್ಟಂಟ್ ಬಾಸೆಲ್ ಮಿಷನ್ ಬಗ್ಗೆ ಸಂಶೋಧನೆ ಮಾಡಬೇಕು, ಆದರೆ ವಿಶ್ವಾಸ ಕೆಡಬಾರದು, ಹಾಗಾದರೆ ಯಾವ ಸೆಮಿನರಿ (ದೇವಶಾಸ್ತ್ರದ ಕಾಲೇಜು) ಸೇರಲಿ, ಬೈಬಲ್‌ನ ಅಧಿಕಾರಕ್ಕೆ ಒತ್ತು ಕೊಡುವ ಇವ್ಯಾಂಜೆಲಿಕಲ್ ಸೆಮಿನರಿನಾ ಅಂತ ಕೇಳಿದ್ದೀರಿ. ನಾನೂ ಇದೇ ಲೆಕ್ಕ ಹಾಕಿ ಹೊರಟವನು. ಸೆಮಿನರಿ ಒಳ್ಳೆಯದೇ ಸಿಕ್ಕಿತು. ಕೈಕೊಟ್ಟದ್ದು ಥೀಸಿಸ್.

ನನ್ನ ವಿಷಯ ಮಂಗಳೂರಿನ ಬಾಸೆಲ್ ಮಿಷನ್ನಿನ ಮೊದಲ ಕ್ರೈಸ್ತ ಸಭೆಗಳು. 1834ರಲ್ಲಿ ಮಿಷನರಿಗಳಾದ ಹೆಬಿಕ್, ಲೇನರ್, ಗ್ರೈನರ್ ಬಂದಲ್ಲಿಂದ ಶುರು. ಮಿಷನ್ನಿನ ಇಂಗ್ಲಿಷ್ ವಾರ್ಷಿಕ ವರದಿಗಳು ಸಿಕ್ಕಿದವು. ಅಚ್ಚುಕಟ್ಟಾದ ಮುದ್ರಣ, ಊರೂರಿನ ಲೆಕ್ಕ, ದೀಕ್ಷಾಸ್ನಾನದ ಸಾಕ್ಷಿಗಳು. ಎಲ್ಲಾ ಇಲ್ಲೇ ಇದೆಯಲ್ಲ ಅನ್ನಿಸಿತು. ಅಧ್ಯಾಯದ ಮೇಲೆ ಅಧ್ಯಾಯ ಅದರಿಂದಲೇ ಬರೆದೆ.

ತಪ್ಪು ಆದದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ವರದಿಗಳು ಸುಳ್ಳಲ್ಲ. ಆದರೆ ಅವನ್ನು ಬರೆದದ್ದು ಹಣ ಕೊಟ್ಟವರಿಗೆ, ಮುಂದೆ ಕೊಡಬಹುದಾದವರಿಗೆ. ಸಭೆಗೆ ಯಾರು ಬಂದರು ಅಂತ ಅದರಲ್ಲಿ ವಿವರವಾಗಿ ಇರುತ್ತದೆ. ಬಂದವರು ಯಾಕೆ ಬಿಟ್ಟು ಹೋದರು, ಮಿಷನರಿಗಳು ತಮ್ಮತಮ್ಮಲ್ಲಿ ಯಾವುದಕ್ಕೆ ಜಗಳಾಡಿದರು, ಇದೆಲ್ಲ ಅಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಅದಕ್ಕೆ ಮಿಷನರಿಗಳು ಬಾಸೆಲ್‌ಗೆ ಜರ್ಮನ್‌ನಲ್ಲಿ ಬರೆದು ಕಳಿಸಿದ ಕೈಬರಹದ ಕಾಗದಗಳನ್ನೇ ನೋಡಬೇಕು. 1844ರಲ್ಲಿ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದರಲ್ಲ, ಆ ಭಾಗವನ್ನು ನಾನು ಬರೀ ವಿಜಯದ ಕಥೆಯಾಗಿ ಬರೆದಿದ್ದೆ. ಪರೀಕ್ಷಕರು ಕೇಳಿದ್ದು ಒಂದೇ ಮಾತು: "ಇದೇ ಘಟನೆ ಬಗ್ಗೆ ಕಾಗದಗಳಲ್ಲಿ ಏನಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಥೀಸಿಸ್ ವಾಪಸ್ ಬಂತು. ಪಿಎಚ್.ಡಿ.ಗೆ ಸಿಗಬೇಕಿದ್ದ ಸ್ಕಾಲರ್‌ಶಿಪ್ಪೂ ಕೈತಪ್ಪಿತು.

ಆಮೇಲೆ ಜರ್ಮನ್ ಕಲಿಯಲು ಕೂತೆ. ಅಚ್ಚಿನ ಜರ್ಮನ್ ಬಂದರೂ ಆ ಕಾಗದ ಓದಲು ಬರಲಿಲ್ಲ! ಅವು ಕುರೆಂಟ್ ಅನ್ನುವ ಹಳೇ ಕೈಬರಹದಲ್ಲಿವೆ. ಅದರಲ್ಲಿ 'ಇ' (e) ಅಕ್ಷರ 'ಎನ್' (n) ಥರ ಕಾಣುತ್ತದೆ. 'ಯು' (u)ಗೂ 'ಎನ್'ಗೂ ಇರುವ ವ್ಯತ್ಯಾಸ ತಲೆಯ ಮೇಲಿನ ಒಂದು ಸಣ್ಣ ಕೊಕ್ಕೆ, ಅಷ್ಟೇ. ಅವಸರದಲ್ಲಿ ಬರೆದವರು ಆ ಕೊಕ್ಕೆಯನ್ನೂ ನುಂಗಿಬಿಟ್ಟಿರುತ್ತಾರೆ. ಒಂದು ಪುಟ ಬಿಡಿಸಲು ಇಡೀ ಮಧ್ಯಾಹ್ನ ಹೋಗುತ್ತಿತ್ತು. ಈಗ ಹಳೇ ಕೈಬರಹ ಓದಿಕೊಡುವ ಟ್ರಾನ್ಸ್‌ಕ್ರಿಬಸ್‌ನಂಥ ಸಾಫ್ಟ್‌ವೇರ್ ಇದೆ, ತುಂಬಾ ಸಹಾಯ ಆಗುತ್ತದೆ. ಆದರೆ ಅದು ತಪ್ಪಾಗಿ ಓದಿದಾಗ ಹಿಡಿಯಲು ಭಾಷೆ ನಿಮಗೆ ಗೊತ್ತಿರಲೇಬೇಕು.

ಹಾಗಾಗಿ ಯಾವ ಸೆಮಿನರಿ ಅನ್ನುವ ಪ್ರಶ್ನೆಯನ್ನೇ ಬಿಡಿ. ಅದು ಎರಡನೇ ಮಾತು. ಜರ್ಮನ್ ಕಲಿಯಲು ಸಮಯ ಕೊಡುವ, ಮೂಲ ಕಾಗದ ನೋಡದೆ ಸಹಿ ಹಾಕದ ಗೈಡ್ ಯಾರಿದ್ದಾರೆ ಅಂತ ವಿಚಾರಿಸಿ. ಅವರು ಇವ್ಯಾಂಜೆಲಿಕಲ್ ಆಗಿರಲಿ, ಬಿಡಲಿ. ನಿಜ ಹೇಳಬೇಕೆಂದರೆ ವಿಶ್ವಾಸಿಗೆ ಇಲ್ಲಿ ಒಂದು ಅನುಕೂಲವೇ ಇದೆ. ಬಾಸೆಲ್‌ನವರು ಪಯಟಿಸ್ಟರು, ಅಂದರೆ ಸ್ವಂತ ಅನುಭವದ ಭಕ್ತಿಗೆ ಒತ್ತು ಕೊಡುವ ಪ್ರಾಟೆಸ್ಟಂಟರು. ಪಾಪದ ಅರಿವು, ಹೊಸ ಹುಟ್ಟು, ಪ್ರಾರ್ಥನೆ ಅಂತ ಅವರು ಬರೆಯುವಾಗ ಅದು ಬರೀ ವಾಡಿಕೆಯ ಮಾತಲ್ಲ ಅಂತ ನಮಗೆ ಬೇಗ ಗೊತ್ತಾಗುತ್ತದೆ.

ವಿಶ್ವಾಸ ಕೆಡುತ್ತದೆ ಅನ್ನುವ ಭಯವನ್ನಂತೂ ನಾನು ಒಪ್ಪಲ್ಲ. ಮಾರ್ಕನನ್ನು ಕರೆದುಕೊಂಡು ಹೋಗುವ ವಿಷಯಕ್ಕೆ ಪೌಲ, ಬಾರ್ನಬ ಜಗಳಾಡಿ ಬೇರೆಯಾದದ್ದನ್ನು ಸತ್ಯವೇದವೇ ಮುಚ್ಚಿಟ್ಟಿಲ್ಲ, ಅಪೊಸ್ತಲರ ಕೃತ್ಯಗಳು 15ರಲ್ಲಿ ಹಾಗೇ ಇದೆ. ಮಿಷನರಿಗಳ ಜಗಳವನ್ನು ನಾವ್ಯಾಕೆ ಮುಚ್ಚಿಡಬೇಕು, ಅಲ್ವಾ? ಅವರ ಸೋಲು, ಸುಸ್ತು, ಸತ್ತ ಮಕ್ಕಳ ಬಗ್ಗೆ ಬರೆದ ಸಾಲುಗಳನ್ನು ಓದಿದ ಮೇಲೆ ಅವರ ಮೇಲೆ ನನಗೆ ಗೌರವ ಜಾಸ್ತಿಯೇ ಆಯಿತು.

ಅರ್ಜಿ ಹಾಕುವ ಮೊದಲು ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹ ನೋಡಿ ಬನ್ನಿ. ಮೂಲ ಕಾಗದಗಳು ಬಾಸೆಲ್‌ನಲ್ಲಿ, ಬಾಸೆಲ್ ಮಿಷನ್ನಿನ ಕೆಲಸ ಮುಂದುವರಿಸುತ್ತಿರುವ ಮಿಷನ್ 21 ಸಂಸ್ಥೆಯ ಆರ್ಕೈವ್‌ನಲ್ಲಿವೆ. ನಿಮ್ಮ ವಿಷಯ 1914ರ ನಂತರದ್ದಾದರೆ ಮಾತ್ರ ಲೆಕ್ಕ ಬೇರೆ. ಯುದ್ಧದ ಕಾಲಕ್ಕೆ ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟು, ಆಮೇಲೆ ಊರಿಗೆ ಕಳಿಸಿದರು. ಅಲ್ಲಿಂದಾಚೆಗೆ ಯಾವ ದಾಖಲೆ ಎಲ್ಲಿದೆ ಅಂತ ಹೊಸದಾಗಿಯೇ ಹುಡುಕಬೇಕು. ಯಾವ ದಶಕ ಅಂತ ಕೆಳಗೆ ಬರೆಯಿರಿ, ಗೊತ್ತಿರುವುದನ್ನು ಹೇಳ್ತೀನಿ.