ಕಾಲು ಹೋಗಿದ್ದು ನಮ್ಮದೇ ಮೈನಿಗೆ, ಪರಾಕ್ರಮ ಪದಕ ಸಿಗುತ್ತಾ?

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು. 24 ವರ್ಷ ಇಂಜಿನಿಯರ್ ರೆಜಿಮೆಂಟಿನಲ್ಲಿದ್ದು 2015ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದೆ. 2002ರ ಜನವರಿಯಲ್ಲಿ, ಆಪರೇಷನ್ ಪರಾಕ್ರಮ್ ಸಮಯದಲ್ಲಿ, ರಾಜಸ್ಥಾನದ ಶ್ರೀಗಂಗಾನಗರ ಕಡೆ ಗಡಿಯಲ್ಲಿ ಮೈನ್, ಅಂದರೆ ನೆಲಬಾಂಬ್ ಹೂಳುತ್ತಿದ್ದೆವು. ದಟ್ಟ ಮಂಜು. ನಾವೇ ಇಟ್ಟಿದ್ದ ಮೈನ್ ಸಿಡಿದು ಎಡಗಾಲಿನ ಪಾದ ಅರ್ಧ ಹೋಯಿತು. ಆಮೇಲೂ ಲೈಟ್ ಡ್ಯೂಟಿಯಲ್ಲಿ ಸೇವೆ ಮುಗಿಸಿದೆ. ಪಕ್ಕದ ಊರಿನ ಗೆಳೆಯನಿಗೆ ಕುಪ್ವಾರದಲ್ಲಿ ಉಗ್ರರ ಗುಂಡು ತೋಳಿಗೆ ತಗುಲಿತ್ತು. ಅವನಿಗೆ ಕೆಂಪು ಪಟ್ಟಿಯ ಪರಾಕ್ರಮ ಪದಕ ಸಿಕ್ಕಿದೆ. ನನ್ನ ಹತ್ತಿರ ಆಪರೇಷನ್ ಪರಾಕ್ರಮ್ ಮೆಡಲ್ ಇದೆ, ಆದರೆ ಅದು ಬೇರೆ ಅಂತಾರೆ. ಕಾರ್ಗಿಲ್ ದಿನದ ಕಾರ್ಯಕ್ರಮಕ್ಕೆ ಹೋದಾಗಲೆಲ್ಲ ‘ನಿಮ್ಮದೆಲ್ಲಿ?’ ಅಂತ ಕೇಳ್ತಾರೆ. ನನಗೂ ಆ ಪದಕದ ಹಕ್ಕಿದೆಯಾ? ಪೆನ್ಷನ್ ಜೊತೆ 30 ಪರ್ಸೆಂಟ್ ಡಿಸೆಬಿಲಿಟಿ ಬರುತ್ತಿದೆ.

ಉತ್ತರ: ಹವಾಲ್ದಾರರೇ, ನೇರವಾಗಿ ಹೇಳಿಬಿಡುತ್ತೇನೆ. ನೀವು ಬರೆದಿದ್ದಷ್ಟೇ ನಡೆದಿದ್ದರೆ ಪರಾಕ್ರಮ ಪದಕ ಸಿಗುವುದು ಕಷ್ಟ. ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಕೊನೆಯ ಸಾಲಿನ ಮೇಲೆ. ನಿಮಗೆ ಬರಬೇಕಾದ್ದು ಏನೋ ಬಾಕಿ ಇದ್ದರೆ ಅದು ಬಹುಶಃ ಅಲ್ಲಿದೆ. ಮೊದಲು ಪದಕದ ಮಾತು ಮುಗಿಸೋಣ.

ಈ ಗೊಂದಲ ನಿಮ್ಮೊಬ್ಬರದಲ್ಲ. ತಪ್ಪೆಲ್ಲ ಹೆಸರಿನದು. ಪರಾಕ್ರಮ ಪದಕ ಶೌರ್ಯ ಪ್ರಶಸ್ತಿ ಅಲ್ಲ. ಅದರ ಇಂಗ್ಲಿಷ್ ಹೆಸರು ವೂಂಡ್ ಮೆಡಲ್, ಅಂದರೆ ಗಾಯಕ್ಕೆ ಕೊಡುವ ಪದಕ. 1973ರಲ್ಲಿ ಶುರುವಾಯಿತು. ಬಿಳಿ ರಿಬ್ಬನ್, ನಡುವೆ ಕೆಂಪು ಪಟ್ಟಿ. ನೀವು ಧರಿಸುವ ಆಪರೇಷನ್ ಪರಾಕ್ರಮ್ ಮೆಡಲ್, 2001ರ ಡಿಸೆಂಬರ್ 13ರ ಸಂಸತ್ ದಾಳಿ ಆದಮೇಲೆ ಗಡಿಗೆ ಹೋದ ಪಡೆಗಳಿಗೆ ಕೊಟ್ಟದ್ದು. ಗಾಯ ಆಗಿರಲಿ ಬಿಡಲಿ, ಅಲ್ಲಿ ಸೇವೆ ಮಾಡಿದ್ದಕ್ಕೆ. ಎರಡರಲ್ಲೂ ‘ಪರಾಕ್ರಮ’ ಇರೋದ್ರಿಂದ ಮದುವೆ ಮನೆಯಲ್ಲಿ ಒಂದೇ ಹೆಸರಿನ ಇಬ್ಬರನ್ನು ಕರೆದ ಹಾಗಾಗಿದೆ.

ಗಾಯದ ಪದಕಕ್ಕೆ ಇರುವ ಅಳತೆಗೋಲು ಒಂದೇ: ಗಾಯ ಶತ್ರುವಿನ ನೇರ ಕ್ರಿಯೆಯಿಂದ ಆಗಿರಬೇಕು. ಯುದ್ಧವೇ ಆಗಬೇಕಿಲ್ಲ, ಉಗ್ರರ ವಿರುದ್ಧದ ಕಾರ್ಯಾಚರಣೆಯೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಗೆಳೆಯರದು ಅದೇ. ಶತ್ರು ಹೊಡೆದು ಹಾಳಾದ ವಿಮಾನದಿಂದ ಜಿಗಿಯುವಾಗ ಗಾಯವಾದ ವಾಯುಪಡೆಯವರಿಗೂ ಸಿಗುತ್ತದೆ. ಗಾಯ ಎಷ್ಟು ದೊಡ್ಡದು, ಎಷ್ಟು ದಿನ ಆಸ್ಪತ್ರೆಯಲ್ಲಿದ್ರಿ ಅನ್ನೋದು ಮುಖ್ಯವಲ್ಲ. ಎಲ್ಲಿಂದ ಬಂತು ಅನ್ನೋದೇ ಮುಖ್ಯ. ತೋಳು ಸವರಿಕೊಂಡು ಹೋದ ಗುಂಡಿಗೆ ಪದಕ, ಅರ್ಧ ಪಾದ ಹೋದವರಿಗೆ ಇಲ್ಲ. ನ್ಯಾಯವೇ ಅಂತ ಕೇಳಿದರೆ ನಾನೂ ತಲೆ ಕೆರೆದುಕೊಳ್ಳುತ್ತೇನೆ. ಆದರೆ ನಿಯಮ ಹಾಗಿದೆ.

ಒಂದು ಬಾಗಿಲು ಮಾತ್ರ ತೆರೆದಿದೆ. ಆ ಹೊತ್ತಿನಲ್ಲಿ ಆಚೆಯಿಂದ ಗುಂಡಿನ ದಾಳಿ ನಡೆಯುತ್ತಿತ್ತಾ? ಅದರಿಂದಾಗಿ ನೀವು ಮೈನ್ ಮೇಲೆ ಕಾಲಿಟ್ರಾ? ಹಾಗಿದ್ದು, ಅದು ಕಾಗದದಲ್ಲೂ ಇದ್ದರೆ ಕೇಳಿ ನೋಡಬಹುದು. ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ನೆನಪಿನಿಂದ ಸೇರಿಸಲು ಹೋಗಬೇಡಿ. ಅಂದು ನಡೆದ ಕೋರ್ಟ್ ಆಫ್ ಎನ್‌ಕ್ವೈರಿಯ (ಸೇನೆಯ ಒಳಗಿನ ವಿಚಾರಣೆಯ) ಹೇಳಿಕೆಗಳು ಎದುರಿಗೆ ಬರುತ್ತವೆ. ನಿಮ್ಮ ಸಾಚಾ ಕೇಸು ಹಾಳಾಗುತ್ತದೆ.

ಈಗ ಆ ಸಾಚಾ ಕೇಸಿನ ಮಾತು. ಪದಕಕ್ಕೂ ಪೆನ್ಷನ್‌ಗೂ ತಕ್ಕಡಿ ಬೇರೆ ಬೇರೆ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಪತ್ರದಲ್ಲಿ ಗಾಯ ಮತ್ತು ಸಾವುಗಳನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದ್ದಾರೆ. ಕೊನೆಯ ಇ ವರ್ಗವೇ ಯುದ್ಧ ಗಾಯದ್ದು. ಅದರಲ್ಲಿ ಶತ್ರುವಿನ ಗುಂಡು ಮಾತ್ರ ಇಲ್ಲ. ಮೈನ್ ಹೂಳುವಾಗ, ತೆಗೆಯುವಾಗ ಆದ ಗಾಯವೂ ಇದೆ. ಕಾರ್ಯಾಚರಣೆಗಾಗಿ ಮೈನ್‌ಫೀಲ್ಡ್ ಹಾಕುವಾಗ ಮೈನ್ ಆಕಸ್ಮಿಕವಾಗಿ ಸಿಡಿದದ್ದೂ ಇದೆ. ಅಂತರರಾಷ್ಟ್ರೀಯ ಗಡಿ ಅಥವಾ ಗಡಿ ನಿಯಂತ್ರಣ ರೇಖೆ ಬಳಿ ನಮ್ಮವರದೇ ಮೈನ್‌ಫೀಲ್ಡ್ ದಾಟುವಾಗ ಆದದ್ದೂ ಇದೆ. ಶ್ರೀಗಂಗಾನಗರದ ಗಡಿ, 2002ರ ಜನವರಿ, ಕೈಯಲ್ಲಿ ಮೈನ್. ಇದಕ್ಕಿಂತ ಸರಿಯಾಗಿ ಹೊಂದುವ ಉದಾಹರಣೆ ಬೇಕಾದರೂ ಸಿಗಲ್ಲ.

ಅಂದರೆ ಪದಕದ ಲೆಕ್ಕದಲ್ಲಿ ನಿಮ್ಮದು ಶತ್ರು ಮಾಡಿದ ಗಾಯವಲ್ಲ, ಪೆನ್ಷನ್ ಲೆಕ್ಕದಲ್ಲಿ ಮಾತ್ರ ಯುದ್ಧ ಗಾಯ. ಹಾಗಿದ್ದಮೇಲೆ ನಿಮಗೆ ಬರಬೇಕಾದ್ದು ಡಿಸೆಬಿಲಿಟಿ ಎಲಿಮೆಂಟ್ (ಪೆನ್ಷನ್ ಜೊತೆ ಕೊಡುವ ಅಂಗವೈಕಲ್ಯದ ಮೊತ್ತ) ಅಲ್ಲ, ವಾರ್ ಇಂಜುರಿ ಎಲಿಮೆಂಟ್ (ಯುದ್ಧ ಗಾಯದ ಮೊತ್ತ). ನಿಮ್ಮ ಪಿಪಿಒ, ಅಂದರೆ ಪೆನ್ಷನ್ ಮಂಜೂರಾತಿ ಆದೇಶ ತೆಗೆದು ನೋಡಿ. ಅಲ್ಲಿ ಯಾವ ಪದ ಇದೆ?

ವ್ಯತ್ಯಾಸ ಎಷ್ಟು ಅಂತೀರಾ? ನಿಮ್ಮ ಹಾಗೆ ಗಾಯದ ನಂತರವೂ ಸೇವೆಯಲ್ಲಿದ್ದು ನಿವೃತ್ತರಾದವರಿಗೆ, ನೂರಕ್ಕೆ ನೂರು ಅಂಗವೈಕಲ್ಯ ಇದ್ದರೆ ಸಾಮಾನ್ಯ ಡಿಸೆಬಿಲಿಟಿ ಎಲಿಮೆಂಟ್ ಕೊನೆಯ ಸಂಬಳದ 30 ಪರ್ಸೆಂಟ್. ಯುದ್ಧ ಗಾಯವಾದರೆ 60 ಪರ್ಸೆಂಟ್. ಸರಿಯಾಗಿ ಎರಡು ಪಟ್ಟು. ಅಂಗವೈಕಲ್ಯ ನೂರಕ್ಕಿಂತ ಕಮ್ಮಿ ಇದ್ದರೆ ಮೊತ್ತವೂ ಅದೇ ಲೆಕ್ಕದಲ್ಲಿ ಕಮ್ಮಿ. ಜೊತೆಗೆ ಬ್ರಾಡ್ ಬ್ಯಾಂಡಿಂಗ್ ಅಂತ ಒಂದಿದೆ: ಮೆಡಿಕಲ್ ಬೋರ್ಡ್ ಅಂಗವೈಕಲ್ಯವನ್ನು 50 ಪರ್ಸೆಂಟ್‌ಗಿಂತ ಕಮ್ಮಿ ಹಾಕಿದ್ದರೆ 50 ಅಂತಲೇ ಹಿಡಿಯಬೇಕು, 50ರಿಂದ 75ರವರೆಗೆ ಇದ್ದರೆ 75, ಅದಕ್ಕೂ ಮೇಲಿದ್ದರೆ 100. ಮೊದಲು ಇದು ಗಾಯದ ಕಾರಣಕ್ಕೆ ಸೇವೆಯಿಂದ ಹೊರಗೆ ಬಂದವರಿಗೆ ಮಾತ್ರ ಇತ್ತು. ಸೇವೆ ಮುಗಿಸಿದವರಿಗೂ ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು.

ಸುಮ್ನೆ ಲೆಕ್ಕಕ್ಕೆ ಸಂಬಳ 40,000 ಅಂತ ಇಟ್ಟುಕೊಳ್ಳಿ. ನಿಮ್ಮ 30 ಪರ್ಸೆಂಟ್ ಅಂಗವೈಕಲ್ಯ ಈಗ 50 ಆಗುತ್ತದೆ. ಡಿಸೆಬಿಲಿಟಿ ಎಲಿಮೆಂಟ್ ಆದರೆ ತಿಂಗಳಿಗೆ 6,000. ವಾರ್ ಇಂಜುರಿ ಆದರೆ 12,000. ಬ್ರಾಡ್ ಬ್ಯಾಂಡಿಂಗೂ ಸಿಕ್ಕಿಲ್ಲ, ಬರೀ 30ರ ಮೇಲೆಯೇ ಬರುತ್ತಿದೆ ಅಂದರೆ 3,600. ಇದರ ಮೇಲೆ ತುಟ್ಟಿಭತ್ಯೆ ಬೇರೆ.

ಹಾಗಾದರೆ ನಿಮಗೆ ಯಾಕೆ ಡಿಸೆಬಿಲಿಟಿ ಅಂತ ಬಂತು? ನಾನು ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸೊಂದರಲ್ಲಿ ಹದಿನಾರು ವರ್ಷ ಕ್ಲರ್ಕ್ ಆಗಿದ್ದವನು, ಊಹಿಸಬಲ್ಲೆ. ಗಾಯವಾದ ದಿನ ಯೂನಿಟ್‌ನಿಂದ ಒಂದು ಸಿಗ್ನಲ್, ಅಂದರೆ ಅಧಿಕೃತ ಸಂದೇಶ ಹೊರಡುತ್ತದೆ. ಅದರಲ್ಲಿ ಬ್ಯಾಟಲ್ ಕ್ಯಾಜುವಲ್ಟಿ (ಯುದ್ಧದ ಗಾಯಾಳು) ಅಂತಿದೆಯೋ ಫಿಸಿಕಲ್ ಕ್ಯಾಜುವಲ್ಟಿ (ಬೇರೆ ಕಾರಣದ ಗಾಯಾಳು) ಅಂತಿದೆಯೋ ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿದೆ. ಆಮೇಲೆ ಅದೇ ಪಾರ್ಟ್ ಟೂ ಆರ್ಡರ್ ಅನ್ನೋ ಯೂನಿಟ್‌ನ ದಾಖಲೆ ಆದೇಶದಲ್ಲಿ ಪ್ರಕಟವಾಗುತ್ತದೆ. ಒಮ್ಮೆ ನನ್ನ ಮೇಜಿಗೆ ಬಂದ ಫೈಲಿನಲ್ಲಿ ಸಿಗ್ನಲ್‌ನಲ್ಲಿ ಬ್ಯಾಟಲ್ ಅಂತ ಚೆನ್ನಾಗಿಯೇ ಇತ್ತು. ಹದಿಮೂರು ವರ್ಷದ ನಂತರ ಬಿಡುಗಡೆಯ ಮೆಡಿಕಲ್ ಬೋರ್ಡ್ ಕಾಗದದಲ್ಲಿ ಯಾರೋ ‘ಡ್ಯೂಟಿಯಲ್ಲಿ ಅಪಘಾತ’ ಅಂತ ಒಂದೇ ಸಾಲು ಟೈಪ್ ಮಾಡಿದ್ದರು. ಪೆನ್ಷನ್ ಮಂಜೂರು ಮಾಡುವವರು ನೋಡಿದ್ದು ಆ ಸಾಲನ್ನೇ. ಹಿಂದಿನ ಪುಟ ತಿರುಗಿಸಿದವರಿಲ್ಲ.

ಆದ್ದರಿಂದ ನಿಮಗೆ ಬೇಕಾದ್ದು ನಾಲ್ಕು ಕಾಗದ: ಆ ಕ್ಯಾಜುವಲ್ಟಿ ಸಿಗ್ನಲ್ ಅಥವಾ ಪಾರ್ಟ್ ಟೂ ಆರ್ಡರ್, ಐಎಎಫ್‌ವೈ 2006 ಅನ್ನೋ ಇಂಜುರಿ ರಿಪೋರ್ಟ್, ಕೋರ್ಟ್ ಆಫ್ ಎನ್‌ಕ್ವೈರಿಯ ತೀರ್ಮಾನ, ಬಿಡುಗಡೆಯ ಮೆಡಿಕಲ್ ಬೋರ್ಡ್‌ನ ಎಎಫ್‌ಎಂಎಸ್‌ಎಫ್ 16. ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಆರ್ಮಿ ನಂಬರ್ ಹಾಕಿ ಪ್ರತಿ ಕೇಳಿ. ನೀವು ಮದ್ರಾಸ್ ಸ್ಯಾಪರ್ಸ್ (ಮದ್ರಾಸ್ ಇಂಜಿನಿಯರ್ ಗ್ರೂಪ್) ಆಗಿದ್ದರೆ ಅದು ಬೆಂಗಳೂರಲ್ಲೇ ಇದೆ. ಕೊಡಲು ತಡ ಮಾಡಿದರೆ ಆರ್‌ಟಿಐ ಹಾಕಿ. ನಿಮ್ಮದೇ ಕಾಗದ, ಕೇಳಲು ಮುಜುಗರ ಬೇಡ.

ಇನ್ನೊಂದು ಮಾತು ನೀವು ಬರೆದಿಲ್ಲ. ಗಾಯದ ನಂತರ ಸೇವೆಯಲ್ಲಿ ಉಳಿಯುವಾಗ, ಅಂಗವೈಕಲ್ಯದ ಬದಲಿಗೆ ಒಟ್ಟಿಗೆ ಒಂದು ಮೊತ್ತ ತಗೊಳ್ಳುವ ಆಯ್ಕೆ ಇರುತ್ತದೆ. ಅದನ್ನು ತಗೊಂಡವರಿಗೆ ನಿವೃತ್ತಿ ಮೇಲೆ ತಿಂಗಳ ಎಲಿಮೆಂಟ್ ಇರಲ್ಲ. ನಿಮಗೆ ಬರುತ್ತಿದೆ ಅಂದಮೇಲೆ ತಗೊಂಡಿಲ್ಲ ಅಂತ ಕಾಣುತ್ತದೆ. ಒಮ್ಮೆ ನೆನಪು ಮಾಡಿಕೊಳ್ಳಿ.

ಕಾಗದ ಸರಿಯಿದ್ದರೆ ರೆಕಾರ್ಡ್ ಆಫೀಸಿಗೆ ವರ್ಗ ಬದಲಾಯಿಸಿ ಅಂತ ಅರ್ಜಿ. ಒಪ್ಪದಿದ್ದರೆ ಮೊದಲ ಮೇಲ್ಮನವಿ, ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಬೇಗ ಮಾಡಿ. ಪೆನ್ಷನ್ ತಿಂಗಳು ತಿಂಗಳು ಬರುವ ಹಕ್ಕಾದ್ದರಿಂದ ತಡವಾಯಿತು ಅಂತ ಸಾಮಾನ್ಯವಾಗಿ ಬಾಗಿಲು ಹಾಕುವುದಿಲ್ಲ. ಆದರೆ ಹಿಂಬಾಕಿಯನ್ನು ಮೂರು ವರ್ಷಕ್ಕೆ ಕತ್ತರಿಸುವುದುಂಟು. ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪನ್ನು ಅದಕ್ಕೆ ಎತ್ತಿ ತೋರಿಸುತ್ತಾರೆ. ಅಂದರೆ ಕೂತ ಪ್ರತಿ ತಿಂಗಳೂ ಒಂದು ತಿಂಗಳ ದುಡ್ಡು ಹೋಗುತ್ತದೆ. ಅರ್ಜಿ ಬರೆಸಲು ಹಾಸನದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ, ದುಡ್ಡು ಕೇಳುವ ಮಧ್ಯವರ್ತಿಗಳು ಬೇಡ.

‘ನಿಮ್ಮದೆಲ್ಲಿ?’ ಅನ್ನುವವರಿಗೆ ಎದೆಯ ಮೇಲಿರುವ ಆಪರೇಷನ್ ಪರಾಕ್ರಮ್ ಮೆಡಲ್ ತೋರಿಸಿ. ಆ ಹತ್ತು ತಿಂಗಳು ಯುದ್ಧ ಆಗದಿದ್ದರೂ ಎಷ್ಟು ಜನ ಮೈನಿಗೆ ಕಾಲು ಕೊಟ್ಟರು ಅಂತ ನಿಮಗೆ ಗೊತ್ತಲ್ಲ, ಅವರಿಗೂ ಹೇಳಿ.

ಪ್ರಶ್ನೆ: ನಮ್ಮಪ್ಪ ಸಿಯಾಚಿನ್‌ನಲ್ಲಿದ್ದಾಗ ಫ್ರಾಸ್ಟ್‌ಬೈಟ್ ಆಗಿ ಎರಡು ಬೆರಳು ತೆಗೆದರು. ಈಗ ಅವರಿಲ್ಲ. ಗಾಯದ ಪದಕ ಕೇಳಬಹುದಾ?

ಉತ್ತರ: ಇಲ್ಲಮ್ಮ. ಚಳಿ ಶತ್ರುವಿನ ನೇರ ಕ್ರಿಯೆ ಅಲ್ಲ. ಆದರೆ ಸಿಯಾಚಿನ್‌ನಲ್ಲಿ ಸೇವೆ ಮಾಡಿದವರಿಗೆ ಸಿಯಾಚಿನ್ ಗ್ಲೇಸಿಯರ್ ಮೆಡಲ್ ಅಂತ ಬೇರೆಯೇ ಇದೆ. ಗ್ಲೇಸಿಯರ್‌ನಲ್ಲಿ ಇರಬೇಕಾದಷ್ಟು ದಿನ ಇದ್ದೂ ಪದಕ ಕೈಗೆ ಬಾರದವರು ಇದ್ದಾರೆ. ಯೂನಿಟ್ ಬದಲಾಗಿರುತ್ತದೆ, ಪೆಟ್ಟಿಗೆ ಹಿಂದೆ ಉಳಿದಿರುತ್ತದೆ. ಅಪ್ಪನ ಡಿಸ್ಚಾರ್ಜ್ ಬುಕ್‌ನಲ್ಲಿ ಮೆಡಲ್‌ಗಳ ಪುಟ ಇರುತ್ತದೆ, ಅಲ್ಲಿ ಹೆಸರಿದ್ದು ಮನೆಯಲ್ಲಿ ಪದಕ ಇಲ್ಲದಿದ್ದರೆ ಆ ಪುಟದ ಜೆರಾಕ್ಸ್ ಇಟ್ಟು ರೆಕಾರ್ಡ್ ಆಫೀಸಿಗೆ ಬರೆಯಿರಿ. ಅಮ್ಮ ಇದ್ದರೆ ಅರ್ಜಿ ಅವರ ಹೆಸರಲ್ಲೇ ಇರಲಿ.